ಅಡುಗೆಮನೆಗೆ ಮೂರು ಡ್ರಾಯರ್
(ಕಲಿಕಾ ಕೇಂದ್ರದ ಸಂಜೆ ಸಭೆಯಲ್ಲಿ ಆಡಿದ ಮಾತು)



ಇವತ್ತು ನಮ್ಮ ಮನೆಯ ಡ್ರಾಯರ್ ಕಥೆ ಹೇಳ್ತೀನಿ. ನಗಬೇಡಿ.

ನಮ್ಮ ಅಮ್ಮನಿಗೆ ಮಂಡಿನೋವು. ಅಡುಗೆ ಕಟ್ಟೆಯ ಕೆಳಗೆ ಬಗ್ಗಿ ಪಾತ್ರೆ ತೆಗೆಯಲು ಆಗುತ್ತಿರಲಿಲ್ಲ. ಒಂದು ಸಲ ಬಗ್ಗಿದವರು ಏಳಲಾಗದೆ ಅಲ್ಲೇ ಕೂತುಬಿಟ್ಟರು. ಎಳೆದರೆ ಹೊರಗೆ ಬರುವ ಡ್ರಾಯರ್ ಮಾಡಿಸೋಣ ಅಂದುಕೊಂಡೆ. ಆಚಾರಿ ಕೂಲಿ ಉಳಿಸೋಣ ಅಂತ ನಾನೇ ಅಳತೆ ತಗೊಂಡೆ. ಬಿ.ಎ. ಓದಿದವನಲ್ವಾ!

ಕಟ್ಟೆ ಕೆಳಗಿನ ಖಾನೆಯ ಒಳ ಅಗಲ 450 ಮಿಲಿಮೀಟರ್. ಪೆಟ್ಟಿಗೆಯನ್ನೂ 450 ಅಂತಲೇ ಬರೆದುಕೊಟ್ಟೆ. ಅಂಗಡಿಯಲ್ಲಿ ಹಾಗೇ ಕತ್ತರಿಸಿದರು. ಜೋಡಿಸಿ ತಂದರೆ ಒಳಗೆ ಹೋಗಲೇ ಇಲ್ಲ. ಎರಡು ತಿಂಗಳು ಕೂಡಿಟ್ಟ ಹಣ ಹೋಯಿತು. ಅಮ್ಮ ಏನೂ ಬೈಯಲಿಲ್ಲ. ಮತ್ತೆ ಬಗ್ಗಿ ಪಾತ್ರೆ ತೆಗೆದರು. ಅದೇ ನನಗೆ ಜಾಸ್ತಿ ನೋವಾಯಿತು.

ತಪ್ಪು ಹಿಡಿದವರು ನಮ್ಮ ಕೇಂದ್ರದ ಒಬ್ಬ ಅಕ್ಕ. ಟೀ ಎಲೆ ಕೀಳುವವರು. ಅವರ ಅಪ್ಪ ಮರಗೆಲಸದವರು. ಟೇಪು ಹಿಡಿದು ಅಂಕಿ ಓದಿದರು. "ಸಾರ್, ಚಾನಲ್‌ಗೆ ಜಾಗ ಎಲ್ಲಿ ಬಿಟ್ರಿ?" ಅಂದರು.

ಡ್ರಾಯರ್ ಜಾರುವುದು ಎರಡು ಕಡೆಯ ಕಬ್ಬಿಣದ ಚಾನಲ್ ಮೇಲೆ. ಒಂದೊಂದು ಕಡೆಗೂ 13 ಮಿಲಿಮೀಟರ್ ಬಿಡಬೇಕು. ಎರಡೂ ಸೇರಿ 26. 450ರಲ್ಲಿ 26 ಕಳೆದರೆ 424. ಇದು ಪೆಟ್ಟಿಗೆಯ ಹೊರ ಅಗಲ. ಪಕ್ಕದ ಹಲಗೆ 12 ಮಿಲಿಮೀಟರ್ ದಪ್ಪ, ಅಂಥವು ಎರಡು, ಅಂದರೆ 24. ಅದನ್ನೂ ಕಳೆಯಿರಿ. ಮುಂದಿನ, ಹಿಂದಿನ ಹಲಗೆಗೆ 400 ಉಳಿಯಿತು. ಈ ಲೆಕ್ಕವನ್ನು ಅಕ್ಕ ಸ್ಲೇಟಿನ ಮೇಲೆ ಬರೆದೇ ತೋರಿಸಿದರು.

ಇನ್ನೊಂದು ಮಾತು. ನಮ್ಮ ಊಟಿಯಲ್ಲಿ ಜೂನ್ ತಿಂಗಳಿನಿಂದ ಮಳೆ. ಅದು ಮುಗಿಯಿತು ಅನ್ನುವಾಗ ಐಪ್ಪಸಿ ಮಳೆ. ಆಮೇಲೆ ಮಂಜು. ಮರ ತೇವ ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಟೀ ತೋಟದ ಸಿಲ್ವರ್ ಓಕ್ ಹಲಗೆ ಅಗ್ಗಕ್ಕೆ ಸಿಗಬಹುದು. ಆದರೆ ಹಸಿ ಹಲಗೆ ಬೇಡ. ನೆರಳಲ್ಲಿ ಚೆನ್ನಾಗಿ ಒಣಗಿರಬೇಕು. ಪ್ಲೈವುಡ್ ಕೊಳ್ಳುವುದಾದರೆ ಹಾಳೆಯ ಮೇಲಿನ ಅಚ್ಚು ಓದಿ. ಐ.ಎಸ್.ಐ. ಗುರುತಿನ ಹತ್ತಿರ ಬಿ.ಡಬ್ಲ್ಯೂ.ಆರ್. ಅಂತ ಇಂಗ್ಲಿಷ್ ಅಕ್ಷರ ಇದ್ದರೆ ಅದು ತೇವ ತಡೆಯುವ ಜಾತಿ. ಎಂ.ಆರ್. ಅಂತ ಇದ್ದರೆ ನೀರು ಬೀಳುವ ಅಡುಗೆಮನೆಗೆ ಸಾಲದು. ಅಂಗಡಿಯವರ ಬಾಯಿಮಾತು ಸಾಕು ಅನ್ನಬೇಡಿ. ಹಲಗೆಯ ಕತ್ತರಿಸಿದ ಅಂಚಿಗೂ ಬಣ್ಣ ಬಳಿಯಿರಿ, ನೀರು ಒಳಹೋಗುವುದು ಅಲ್ಲಿಂದಲೇ.

ಪೆಟ್ಟಿಗೆ ಜೋಡಿಸಿದ ಮೇಲೆ ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿಯಿರಿ. ಎರಡು ಅಳತೆಯೂ ಒಂದೇ ಬರಬೇಕು. ಬರದಿದ್ದರೆ ಪೆಟ್ಟಿಗೆ ಓರೆ. ಅಂಟು ಒಣಗುವ ಮೊದಲೇ ಸರಿಮಾಡಿ. ಎರಡೂ ಚಾನಲ್ ಒಂದೇ ಮಟ್ಟದಲ್ಲಿ ಇರಲಿ. ಮೊದಲು ಪೆನ್ಸಿಲ್ ಗೆರೆ, ಆಮೇಲೆ ಸ್ಕ್ರೂ. ಕಾಣುವ ಮುಂಭಾಗದ ಹಲಗೆ ಕೊನೆಗೆ.

ಎರಡನೇ ಸಲದ ಚೀಟಿಯನ್ನು ಆ ಅಕ್ಕನೇ ಬರೆದರು. ಮೂರು ಡ್ರಾಯರೂ ಸರಿಯಾಗಿ ಕೂತವು. ಮೇಲಿನದರಲ್ಲಿ ಚಮಚ, ಸೌಟು. ನಡುವಿನದರಲ್ಲಿ ಬೇಳೆ ಡಬ್ಬ. ಕೆಳಗಿನದರಲ್ಲಿ ಪಾತ್ರೆ. ಅಮ್ಮ ಮೊದಲ ದಿನ ಸುಮ್ಮಸುಮ್ಮನೆ ಹತ್ತು ಸಲ ಎಳೆದು ನೋಡಿದರು.

ಹಾಳಾದ ಮೊದಲ ಪೆಟ್ಟಿಗೆ ಇಲ್ಲೇ ಇದೆ ನೋಡಿ, ಚಾಕ್, ಸ್ಲೇಟು ತುಂಬಿಟ್ಟಿದ್ದೀನಿ. ಟೇಪು ತಂದಿದ್ದೀನಿ. ಬನ್ನಿ, ಒಬ್ಬೊಬ್ಬರಾಗಿ ಅದನ್ನು ಅಳೆದು ಬರೆಯಿರಿ.