ಶತಪದಿಗೆ ನೂರು ಕಾಲೇ?

(ಬಿಳಗಿಯಲ್ಲಿ ಶಿಕ್ಷಕರ ಮುಂದೆ ಮಾಡಿದ ಭಾಷಣ)



ಮಳೆಗಾಲದಲ್ಲಿ ಈ ಕಡೆ ಅಂಗಳಕ್ಕಿಳಿಯುವಾಗ ನೆಲ ನೋಡಿಯೇ ಕಾಲಿಡಬೇಕು. ಕಟ್ಟಿಗೆ ರಾಶಿಯಿಂದ ಸರ್ರನೆ ಹರಿದು ಹೋಗುವುದು ಜರಿ. ತೋಟದ ದರಕಿನಲ್ಲಿ ನಿಧಾನ ನಡೆಯುತ್ತ, ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವುದು ಚೋರಟೆ. ಪಠ್ಯಪುಸ್ತಕದಲ್ಲಿ ಇವೇ ಶತಪದಿ, ಸಹಸ್ರಪದಿ.

ಇಂಗ್ಲಿಷಿನ ಸೆಂಟಿಪೀಡ್, ಮಿಲಿಪೀಡ್ ಎಂಬ ಹೆಸರುಗಳ ಬೇರು ಲ್ಯಾಟಿನ್. ಕೆಂಟುಮ್ ಎಂದರೆ ನೂರು, ಮಿಲ್ಲೆ ಎಂದರೆ ಸಾವಿರ, ಪೆಸ್ ಎಂದರೆ ಪಾದ. ಈ ಪೆಸ್ಸಿನ ಪ್ರಕೃತಿ 'ಪೆಡ್'. ಸಂಸ್ಕೃತದ 'ಪದ್' ಅದರ ದಾಯಾದಿ. ಕೆಂಟುಮ್, ಶತಮ್ ಕೂಡ ಒಂದೇ ಮೂಲದವು. ಹಾಗಾಗಿ ಶತಪದಿ ಎನ್ನುವಾಗ ನಾವು ಲ್ಯಾಟಿನ್ನಿನ ನೆಂಟರನ್ನೇ ಕರೆಯುತ್ತಿದ್ದೇವೆ. ಜರಿ ಮಾತ್ರ ಮನೆಯ ಮಾತು.

ಆದರೆ ಲ್ಯಾಟಿನ್ನರಿಗೇ ಲೆಕ್ಕ ಖಚಿತವಿರಲಿಲ್ಲ. ಕ್ರಿ.ಶ. 79ರಲ್ಲಿ ತೀರಿಕೊಂಡ ಪ್ಲಿನಿ, ಮುಟ್ಟಿದರೆ ಮುದುಡುವ ಬಹುಪಾದದ ಒಂದೇ ಹುಳುವಿಗೆ ಮಿಲಿಪೇಡ, ಕೆಂಟಿಪೇಡ, ಮುಲ್ಟಿಪೇಡ ಎಂಬ ಮೂರು ಹೆಸರುಗಳನ್ನೂ ಹೇಳುತ್ತಾನೆ. ನೂರು, ಸಾವಿರ ಎಂದರೆ 'ಬಹಳ' ಎಂದಷ್ಟೇ ಅರ್ಥ; ನಾವು "ಸಾವಿರ ಸಲ ಹೇಳಿದೆ" ಎನ್ನುವುದಿಲ್ಲವೇ, ಹಾಗೆ.

ಎಣಿಸಿದವರು ಕಂಡದ್ದು ಬೇರೆ. ಬೆಳೆದ ಜರಿಗೆ 15ರಿಂದ 191 ಜೊತೆ ಕಾಲು, ಅದೂ ಬೆಸ ಸಂಖ್ಯೆಯ ಜೊತೆಗಳು. ನೂರು ಕಾಲಿಗೆ ಐವತ್ತು ಜೊತೆ ಬೇಕು, ಅದು ಸಮಸಂಖ್ಯೆ! ಸಾವಿರ ದಾಟಿದ ಸಹಸ್ರಪದಿಯೂ 2021ರವರೆಗೆ ಶಾಸ್ತ್ರಕ್ಕೆ ತಿಳಿದಿರಲಿಲ್ಲ. ಆ ವರ್ಷ ಪಶ್ಚಿಮ ಆಸ್ಟ್ರೇಲಿಯದ ಗಣಿಪ್ರದೇಶದಲ್ಲಿ, ನೆಲದಿಂದ 60 ಮೀಟರ್ ಕೆಳಗೆ ಸಿಕ್ಕ ಹುಳು ವರದಿಯಾಯಿತು. ಅದಕ್ಕೆ 1306 ಕಾಲು.

ಇಷ್ಟು ಹೇಳಿದ್ದು ಸಂಖ್ಯೆಯ ಮೋಜಿಗಲ್ಲ. ಕಾಲಿನ ಲೆಕ್ಕದಲ್ಲಿ ಎರಡನ್ನೂ ಒಂದೇ ಜಾತಿಗೆ ಸೇರಿಸಿದ ಮಕ್ಕಳು ಎರಡನ್ನೂ ಚಪ್ಪಲಿಯಿಂದ ಹೊಡೆಯುತ್ತಾರೆ. ಜರಿಯ ಮೊದಲ ಜೊತೆ ಕಾಲೇ ವಿಷದ ಕೊಂಡಿ, ಅದು ಬೇಟೆಗಾರ. ಚೋರಟೆ ಕಚ್ಚುವುದಿಲ್ಲ. ಅದರ ಮೈಯಿಂದ ಒಸರುವ ರಸ ಕಣ್ಣಿಗೆ ತಾಗಬಾರದು, ಅಷ್ಟೆ. ಕೊಳೆತ ಎಲೆ ತಿಂದು ಅಡಿಕೆ ತೋಟದ ಮಣ್ಣು ಮಾಡುವ ಆಳು ಅದು, ಕೂಲಿಯಿಲ್ಲದ ಆಳು.

ಈ ಊರಿನ ರತ್ನತ್ರಯ ಬಸದಿಯನ್ನು ನೋಡಿದವರಿಗೆ ಇನ್ನೊಂದು ಬಗೆಯ ಲೆಕ್ಕ ನೆನಪಾಗಬೇಕು. ಜೈನಶಾಸ್ತ್ರ ಜೀವಿಗಳನ್ನು ಕಾಲಿನಿಂದಲ್ಲ, ಇಂದ್ರಿಯಗಳಿಂದ ವಿಂಗಡಿಸಿತು: ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು. ಹೊಡೆಯುವ ಮೊದಲು ಅದಕ್ಕೂ ನೋವಿದೆಯೆಂದು ಕೇಳುವ ಲೆಕ್ಕವದು.

ದುಂಬಿಗೆ ಷಟ್ಪದವೆಂಬ ಹೆಸರೂ ಇದೆ. ನಮ್ಮ ಕಾವ್ಯದ ಷಟ್ಪದಿಗೂ ಆರೇ ಪಾದ. ಇನ್ನು ಚೋರಟೆ ಮರಿ: ಮೊಟ್ಟೆಯೊಡೆದು ಬಂದಾಗ ಅದಕ್ಕೆ ಸಾಮಾನ್ಯವಾಗಿ ಮೂರೇ ಜೊತೆ ಕಾಲು. ಪೊರೆ ಕಳಚಿದಂತೆಲ್ಲ ಉಳಿದವು ಮೂಡುತ್ತವೆ. ಸಹಸ್ರಪದಿ ಹುಟ್ಟುವಾಗ ಷಟ್ಪದಿ!