ಜೀತ ಬಿಡಿಸಿದ್ದು ಯಾರು, ಬಾವುಟ ಏರಿಸಿದ್ದು ಯಾರು?



ಕ್ಯೂಬಾ ದ್ವೀಪದ ಕಬ್ಬಿನ ಗಿರಣಿಯ ಮಾಲೀಕ ಸೆಸ್ಪೆದೆಸ್ 1868ರ ಅಕ್ಟೋಬರ್ 10ರಂದು ಗಂಟೆ ಬಾರಿಸಿ ತನ್ನ ಗುಲಾಮರನ್ನು ಕರೆದ. 'ನೀವು ಸ್ವತಂತ್ರರು, ಸ್ಪೇನ್ ವಿರುದ್ಧ ಹೋರಾಡಲು ಬನ್ನಿ' ಎಂಬ ಅರ್ಥದ ಮಾತು ಹೇಳಿದ. ಆ ದ್ವೀಪದಲ್ಲಿ ಗುಲಾಮಗಿರಿ ಪೂರ್ತಿ ಅಳಿಯಲು ಮಾತ್ರ 1886ರವರೆಗೆ ಕಾಯಬೇಕಾಯಿತು.

ಅಷ್ಟು ದೂರದ ಕಥೆ ಕಮಲಾಪುರಕ್ಕೇಕೆ ಎಂದು ಯಾರಾದರೂ ಕೇಳಬಹುದು. ಕಲಬುರಗಿ ಸೀಮೆ ನಿಜಾಮನ ಆಳ್ವಿಕೆಯಲ್ಲಿದ್ದಾಗ ಇಲ್ಲಿಯೂ ಇದೇ ಗಂಟು ಬಿದ್ದಿತ್ತು.

ಹೈದರಾಬಾದ್ ಸಂಸ್ಥಾನದ ಹಳ್ಳಿಗಳಲ್ಲಿ ಎರಡು ಬಗೆಯ ಬಲವಂತದ ದುಡಿಮೆ ಇತ್ತು. ಒಂದು ಬಿಟ್ಟಿ ಚಾಕರಿ. ಅಧಿಕಾರಿ ಬಂದರೆ ಸಾಮಾನು ಹೊರುವುದು, ದೇಸಾಯಿಯ ಮನೆಗೆ ಕಟ್ಟಿಗೆ ಹಾಕುವುದು ಇತ್ಯಾದಿ. ಎರಡನೆಯದು 'ಭಾಗೇಲಾ', ಅಂದರೆ ಜೀತ. ಮದುವೆಗೋ ಬೀಜಕ್ಕೋ ಸಾಲ ಎತ್ತಿದವನು ಅದು ತೀರುವವರೆಗೆ ಸಾಹುಕಾರನ ಹೊಲದಲ್ಲಿ ದುಡಿಯಬೇಕು. ಕೂಲಿ ಬಡ್ಡಿಗೇ ಜಮಾ ಆಗುವುದರಿಂದ ಅಸಲು ಅಲುಗುವುದಿಲ್ಲ. ಅಪ್ಪ ದಣಿದರೆ ಮಗ ನೊಗ ಹೊರುತ್ತಾನೆ. 1943ರಲ್ಲಿ ನಿಜಾಮ ಸರಕಾರವೇ ಭಾಗೇಲಾ ಕರಾರುಗಳಿಗೆ ಕಾನೂನು ಮಾಡಿತು. ಆದರೆ ಲೆಕ್ಕದ ಪುಸ್ತಕ ಸಾಹುಕಾರನ ಕೈಯಲ್ಲಿರುವಾಗ ಅಕ್ಷರ ಬಾರದವನಿಗೆ ಕಾನೂನಿನಿಂದ ಏನು ಪ್ರಯೋಜನ?

ಸ್ವಾತಂತ್ರ್ಯದ ಮಾತು ಎತ್ತಿದವರಲ್ಲಿ ಮುಖ್ಯರು ಸ್ವಾಮಿ ರಾಮಾನಂದ ತೀರ್ಥರು. ಕಾವಿ ತೊಡುವ ಮುಂಚೆ ಅವರು ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಜೊತೆ ದುಡಿದವರು ಎಂಬುದನ್ನು ಜಯಂತಿ ಭಾಷಣಗಳಲ್ಲಿ ಹೇಳುವವರು ಕಡಿಮೆ. 1938ರಲ್ಲಿ ಸ್ಟೇಟ್ ಕಾಂಗ್ರೆಸ್ ಸತ್ಯಾಗ್ರಹ ಹೂಡಿತು. ಅದರ ಮೇಲಿನ ನಿಷೇಧ ತೆರವಾದದ್ದು 1946ರಲ್ಲಿ. ಅದೇ ಹೊತ್ತಿಗೆ ಪಕ್ಕದ ತೆಲಂಗಾಣದಲ್ಲಿ ಬಿಟ್ಟಿ ಚಾಕರಿಯ ವಿರುದ್ಧದ ಸಿಟ್ಟೇ ರೈತರ ಬಂಡಾಯವಾಗಿ ಹೊತ್ತಿಕೊಂಡಿತು.

ಇಲ್ಲಿ ಕಥೆ ಸರಳವಾಗಿಲ್ಲ. ದಲಿತ ನಾಯಕ ಬಿ. ಶ್ಯಾಮಸುಂದರ್ ನಿಜಾಮನ ಪರ ನಿಂತರು. 1948ರಲ್ಲಿ ಅವನ ನಿಯೋಗದೊಡನೆ ವಿಶ್ವಸಂಸ್ಥೆಗೂ ಹೋದರು. ಅವರನ್ನು ದ್ರೋಹಿ ಎಂದು ತಳ್ಳಿಬಿಡುವುದು ಸುಲಭ. ಊರ ಸಾಹುಕಾರನೇ ನಾಳೆ ಖಾದಿ ತೊಟ್ಟು ಬಂದರೆ ಜೀತದವನ ಗತಿ ಏನು ಎಂಬ ಅನುಮಾನಕ್ಕೆ ಆ ಕಾಲದಲ್ಲಿ ಆಧಾರವಿತ್ತು ಎಂಬುದನ್ನೂ ಒಪ್ಪಬೇಕು. ಆದರೆ ಅವರು ನೆಚ್ಚಿದ ಅರಮನೆಯೂ ಜಾಗೀರುದಾರರ ಬೆಂಬಲದಿಂದಲೇ ನಿಂತಿತ್ತು.

1948ರ ಸೆಪ್ಟೆಂಬರಿನಲ್ಲಿ ನಿಜಾಮನ ಸೇನೆ ಶರಣಾಯಿತು. 1949ರಲ್ಲಿ ಜಾಗೀರುಗಳು ರದ್ದಾದವು, 1950ರಲ್ಲಿ ಗೇಣಿ ಕಾನೂನು ಬಂತು. ಅದೇ ವರ್ಷ ಜಾರಿಗೆ ಬಂದ ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿತು. ಸಾಲದ ಪುಸ್ತಕ ಮಾತ್ರ ಮುಚ್ಚಲಿಲ್ಲ. ಶ್ಯಾಮಸುಂದರ್ 1968ರಲ್ಲಿ ಭೀಮಸೇನೆ ಕಟ್ಟಿದ್ದು ಇದೇ ಕಲಬುರಗಿಯಲ್ಲಿ, ಬಾವುಟ ಏರಿ ಇಪ್ಪತ್ತು ವರ್ಷದ ಮೇಲೆ.

ಜೀತ ಪದ್ಧತಿ ರದ್ದತಿಯ ಸುಗ್ರೀವಾಜ್ಞೆ ಹೊರಟದ್ದು 1975ರ ಅಕ್ಟೋಬರಿನಲ್ಲಿ. 1976ರಲ್ಲಿ ಅದು ಕಾಯಿದೆಯಾಯಿತು. ದೇಶದ ಬೇರೆ ಬೇರೆ ಕಡೆ ಜೀತಕ್ಕಿದ್ದ ಹೆಸರುಗಳ ಪಟ್ಟಿಯೇ ಆ ಕಾಯಿದೆಯಲ್ಲಿದೆ. ಅದರಲ್ಲಿ ನಿಜಾಮನ ಕಾಲದ 'ಭಾಗೇಲಾ' ಎಂಬ ಪದವೂ ಇದೆ.