ಬೀಗ ಮಾಡುವವನು, ಬೀಗ ಮಾರುವವನು

ಇಂಜಿನಿಯರಿಂಗ್ ಓದಿದವರಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತಿರುತ್ತೆ. ಕೋಡ್ ಬರೆಯೋನು ಮೇಲೆ, ಸೇಲ್ಸ್‌ಗೆ ಹೋದೋನು ಕೆಳಗೆ. ನಾನೂ ಆ ಕ್ಲಾಸ್‌ರೂಮಿನಿಂದಲೇ ಬಂದವನು. ಆ ಲೆಕ್ಕಕ್ಕೆ ಸಿಗದ ಒಬ್ಬ ಮನುಷ್ಯನ ಕಥೆ ಇವತ್ತು ನೋಡೋಣ.

ಹೆಸರು ನಿಕೇಶ್ ಅರೋರಾ. ತಂದೆ ವಾಯುಪಡೆಯಲ್ಲಿದ್ದವರು. ಮಗ 1989ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿ, ಅಮೆರಿಕದಲ್ಲಿ ಎಂಬಿಎ ಮಾಡಿದರು. ಯುರೋಪಿನಲ್ಲಿ ಟಿ-ಮೊಬೈಲ್‌ನ ಮಾರ್ಕೆಟಿಂಗ್, 2004ರಲ್ಲಿ ಗೂಗಲ್, 2014ರಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್. ಎಲ್ಲ ಕಡೆಯೂ ಮಾಡಿದ್ದು ವ್ಯವಹಾರ ಬೆಳೆಸುವ ಕೆಲಸವೇ. ಸೈಬರ್ ಭದ್ರತೆಯ ಗಂಧಗಾಳಿಯೂ ಇಲ್ಲದ ಬಯೋಡೇಟಾ. ಅಂಥವರು 2018ರ ಜೂನ್‌ನಲ್ಲಿ ಪಾಲೋ ಆಲ್ಟೋ ನೆಟ್‌ವರ್ಕ್ಸ್ ಎಂಬ ಸೈಬರ್ ಭದ್ರತಾ ಕಂಪನಿಗೆ ಸಿಇಒ ಆದರು!

ಅವರು ಹಿಡಿದಿದ್ದು ಗಿರಾಕಿಯ ಕಷ್ಟವನ್ನು. ಒಂದು ಬ್ಯಾಂಕ್ ಅಂದುಕೊಳ್ಳಿ. ಫೈರ್‌ವಾಲ್ ಒಬ್ಬರದ್ದು, ಲ್ಯಾಪ್‌ಟಾಪ್ ಕಾಯೋದು ಇನ್ನೊಬ್ಬರದ್ದು, ಕ್ಲೌಡ್ ಕಾಯೋದು ಮತ್ತೊಬ್ಬರದ್ದು. ಮೂರೂ ಬೇರೆ ಬೇರೆ ಕೂಗುತ್ತವೆ, ಒಂದಕ್ಕೊಂದು ಮಾತಾಡಲ್ಲ. ಕಳ್ಳ ನುಗ್ಗೋದೇ ಆ ಸಂದಿಯಲ್ಲಿ. ಅರೋರಾ ಹತ್ತಕ್ಕೂ ಹೆಚ್ಚು ಕಂಪನಿಗಳನ್ನು ಕೊಂಡು, ಎಲ್ಲವನ್ನೂ ಒಂದೇ ಸೂರಿನಡಿ ತರಲು ಹೊರಟರು.

2024ರ ಫೆಬ್ರವರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನಿಮ್ಮ ಹಳೇ ಕಾಂಟ್ರಾಕ್ಟ್ ಮುಗಿಯೋ ತನಕ ನಮ್ಮದನ್ನು ಪುಕ್ಕಟೆ ಬಳಸಿ, ಆಮೇಲೆ ದುಡ್ಡು ಕೊಡಿ ಅನ್ನೋ ಲೆಕ್ಕಾಚಾರ. ಮಾರುಕಟ್ಟೆ ಬೆಚ್ಚಿಬಿತ್ತು. ಒಂದೇ ದಿನದಲ್ಲಿ ಷೇರು ಸುಮಾರು ಶೇಕಡಾ 28ರಷ್ಟು ಕುಸಿಯಿತು. ಮನುಷ್ಯ ದಾರಿ ಬದಲಿಸಲಿಲ್ಲ. 2025ರ ಜುಲೈನಲ್ಲಿ ಸೈಬರ್‌ಆರ್ಕ್ ಕಂಪನಿಯನ್ನು ಸುಮಾರು 25 ಶತಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿದರು.

ಇಲ್ಲಿಗೆ ಚಪ್ಪಾಳೆ ತಟ್ಟಿ ಎದ್ದುಹೋಗಬೇಡಿ. ಎಲ್ಲ ಬಾಗಿಲಿಗೂ ಒಬ್ಬನದ್ದೇ ಬೀಗ ಹಾಕಿದರೆ, ಆ ಬೀಗವೇ ಕೆಟ್ಟ ದಿನ ಏನು ಗತಿ? 2024ರ ಜುಲೈ 19 ನೆನಪಿದೆಯಲ್ಲ? ಆ ದಿನ ತಪ್ಪಿದ್ದು ಬೇರೊಂದು ಕಂಪನಿ, ಕ್ರೌಡ್‌ಸ್ಟ್ರೈಕ್. ಕಳ್ಳ ಬಂದಿರಲಿಲ್ಲ. ಕಾವಲಿನ ಸಾಫ್ಟ್‌ವೇರಿನ ಒಂದು ದೋಷಪೂರಿತ ಅಪ್‌ಡೇಟ್, ಅಷ್ಟೇ. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳಿಗೆ ಪೆಟ್ಟು ಬಿತ್ತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು.

ಹಾಗಾಗಿ ನನ್ನ ಮಾತು ಇಷ್ಟೇ. ಇಂಜಿನಿಯರಿಂಗ್ ಓದುತ್ತಿರುವ ಹುಡುಗ, ಹುಡುಗಿಯರೇ, ಬೀಗ ಮಾಡೋದು ವಿದ್ಯೆ. ಯಾವ ಮನೆಗೆ ಯಾವ ಬೀಗ ಬೇಕು ಅಂತ ತಿಳಿಯೋದೂ ವಿದ್ಯೆಯೇ, ಕೀಳಾಗಿ ನೋಡಬೇಡಿ. ಬೀಗ ಕೊಳ್ಳುವ ಬ್ಯಾಂಕು, ಆಸ್ಪತ್ರೆ, ಸರ್ಕಾರದವರೇ, ಮಾರಲು ಬಂದವನಿಗೆ ಒಂದು ಪ್ರಶ್ನೆ ಕೇಳಿ. ಕಳ್ಳನ ಭಯವನ್ನು ಚೆನ್ನಾಗಿ ವಿವರಿಸಿದಿರಿ ಸ್ವಾಮಿ, ನಿಮ್ಮ ಬೀಗವೇ ಕೆಟ್ಟರೆ ನಾಳೆ ಬೆಳಿಗ್ಗೆ ನಾವು ಬಾಗಿಲು ತೆಗೆಯೋದು ಹೇಗೆ?

ಉತ್ತರ ಇದ್ದವನ ಹತ್ತಿರ ಮಾತ್ರ ಕೊಳ್ಳಿ.